ಬಟ್ಟಲು ತುಂಬಿದ್ದರೂ ಹಕ್ಕಿ ಹಸಿದಿತ್ತು: ಬೀಜ ಬಿಟ್ಟು ಬೇರೇನನ್ನೂ ಮುಟ್ಟದ ಗಿಳಿಯ ಆಹಾರ ಮತ್ತು ದಿನನಿತ್ಯದ ಆರೈಕೆ

ಮುಂಜಾವು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಒಂದು ಹೆಣ್ಣು ಕಾಕಟೀಲ್ ಗಿಳಿ ಇದೆ. ಸಾಕಲು ಸಾಧ್ಯವಾಗದೆ ಬಿಟ್ಟುಕೊಟ್ಟ ಬಂಧುಗಳ ಮನೆಯಿಂದ ಎಂಟು ತಿಂಗಳ ಹಿಂದೆ ಅದು ನಮ್ಮಲ್ಲಿಗೆ ಬಂತು. ಅಲ್ಲಿ ಮೊದಲಿನಿಂದಲೂ ಸೂರ್ಯಕಾಂತಿ ಬೀಜ ಮತ್ತು ನವಣೆಯ ಮಿಶ್ರಣವನ್ನಷ್ಟೇ ತಿಂದು ಬೆಳೆದಿದೆ. ತರಕಾರಿಯ ಚೂರನ್ನು ಬಟ್ಟಲಿನಲ್ಲಿಟ್ಟರೆ ಜುಟ್ಟು ನಿಗುರಿಸಿ ಪಂಜರದ ಇನ್ನೊಂದು ಮೂಲೆಗೆ ಸರಿದುಬಿಡುತ್ತದೆ.

ಬರೀ ಬೀಜದ ಆಹಾರ ಒಳ್ಳೆಯದಲ್ಲವೆಂದು ಓದಿ, ಕಳೆದ ವಾರ ಬೀಜವನ್ನು ಒಮ್ಮೆಲೇ ನಿಲ್ಲಿಸಿ ಪೆಲೆಟ್ (ಕಾರ್ಖಾನೆಯಲ್ಲಿ ತಯಾರಿಸಿದ ಒಣ ಆಹಾರದ ಗುಳಿಗೆ) ಹಾಕಿದೆ. ಹಸಿವಾದರೆ ತಾನಾಗಿಯೇ ತಿನ್ನುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಹಕ್ಕಿ ಬಟ್ಟಲಿನ ಬಳಿಗೆ ಹೋಗುತ್ತಿತ್ತು, ಕೊಕ್ಕಿನಿಂದ ಕೆದಕುತ್ತಿತ್ತು, ಪೆಲೆಟ್‌ನ ಪುಡಿಯೂ ಕೆಳಗೆ ಬಿದ್ದಿರುತ್ತಿತ್ತು. ಆದ್ದರಿಂದ ತಿನ್ನುತ್ತಿದೆಯೆಂದೇ ನಂಬಿದೆ. ಎರಡನೆಯ ದಿನ ಸಂಜೆ ಅದು ಗರಿ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕುಳಿತಿತ್ತು. ಪಂಜರದ ತಳದ ಕಾಗದದ ಮೇಲೆ ಎಂದಿನಂತೆ ಹಿಕ್ಕೆಗಳಿರಲಿಲ್ಲ. ಇದ್ದ ನಾಲ್ಕೈದು ಕೂಡ ತೆಳ್ಳಗೆ, ಕಡು ಹಸಿರಾಗಿದ್ದವು. ಗಾಬರಿಯಾಗಿ ಹಳೆಯ ಬೀಜವನ್ನೇ ಇಟ್ಟೆ. ಕೈ ಹಿಂದಕ್ಕೆ ತೆಗೆಯುವ ಮೊದಲೇ ತಿನ್ನಲು ತೊಡಗಿತು. ಎರಡು ದಿನ ಅದನ್ನು ಉಪವಾಸ ಕೆಡವಿದೆನೆಂಬ ಸಂಕಟ ಈಗಲೂ ಕಾಡುತ್ತಿದೆ.

ಆಹಾರವನ್ನು ಬದಲಿಸುವ ಸರಿಯಾದ ಕ್ರಮ ಯಾವುದು? ತರಕಾರಿಯ ಭಯ ಹೋಗುವುದು ಹೇಗೆ? ಸ್ನಾನ, ನಿದ್ರೆ, ಪಂಜರ ಇವುಗಳಲ್ಲಿ ನಾನು ಗಮನಿಸದೆ ಬಿಟ್ಟಿರುವುದು ಏನಾದರೂ ಇದ್ದರೆ ಅನುಭವಸ್ಥರು ದಯವಿಟ್ಟು ತಿಳಿಸಿ.

ಬೂದುಗಿಳಿ

ಮೊದಲನೆಯದಾಗಿ, ಬೀಜವನ್ನು ಮತ್ತೆ ಕೊಟ್ಟದ್ದು ಸೋಲೆಂದು ಭಾವಿಸಬೇಡಿ. ಆ ಹೊತ್ತಿಗೆ ಮಾಡಬೇಕಾದದ್ದು ಅದೇ. ಬೀಜವನ್ನು ಮಾತ್ರ ಕಂಡಿರುವ ಗಿಳಿಗೆ ಪೆಲೆಟ್ ಎಂಬುದು ತಿನ್ನುವ ವಸ್ತುವೆಂದೇ ತಿಳಿದಿರುವುದಿಲ್ಲ. ನಮ್ಮ ಮುಂದೆ ತಟ್ಟೆಯಲ್ಲಿ ಮರದ ಚೂರುಗಳನ್ನಿಟ್ಟರೆ, ಎಷ್ಟೇ ಹಸಿದಿದ್ದರೂ ಅದು ಊಟವೆಂದು ನಮಗೆ ಹೊಳೆಯುವುದಿಲ್ಲವಲ್ಲ, ಹಾಗೆ. ಹಸಿವು ಕಲಿಸುತ್ತದೆ ಎಂಬ ಮಾತು ಸಣ್ಣ ಹಕ್ಕಿಗಳ ವಿಷಯದಲ್ಲಿ ಅಪಾಯಕಾರಿ, ಏಕೆಂದರೆ ಅವುಗಳ ದೇಹದಲ್ಲಿ ಕೂಡಿಟ್ಟ ಶಕ್ತಿ ಬಹಳ ಬೇಗ ಮುಗಿದುಹೋಗುತ್ತದೆ.

ಎರಡನೆಯದು, ಬಟ್ಟಲನ್ನು ನೋಡಿ ಗಿಳಿ ಎಷ್ಟು ತಿಂದಿತೆಂದು ಅಳೆಯುವ ಅಭ್ಯಾಸವನ್ನು ಬಿಟ್ಟುಬಿಡಿ. ಗಿಳಿಯು ಬೀಜದ ತಿರುಳನ್ನು ಬಿಡಿಸಿ ತಿಂದು, ಖಾಲಿ ಸಿಪ್ಪೆಯನ್ನು ಅಲ್ಲಿಯೇ ಉದುರಿಸುತ್ತದೆ. ಮೇಲೆ ಸಿಪ್ಪೆ ತುಂಬಿ, ಕೆಳಗೆ ಒಂದು ಕಾಳೂ ಇಲ್ಲದಿರುವಾಗಲೂ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಪೆಲೆಟ್ಟನ್ನು ಪುಡಿಮಾಡಿ ಕೆಳಗೆ ಚೆಲ್ಲಿ ಒಂದು ಚೂರನ್ನೂ ನುಂಗದಿರುವಾಗ ಬಟ್ಟಲು ಖಾಲಿಯಾದಂತೆ ತೋರುತ್ತದೆ. ನಿಮಗೆ ಆದದ್ದು ಈ ಎರಡನೆಯದು. ಬಟ್ಟಲಿನ ಮೇಲೆ ಮೆಲ್ಲಗೆ ಊದಿ ಸಿಪ್ಪೆಯನ್ನು ಹಾರಿಸಿ ನೋಡುವುದು ಮೊದಲ ಪಾಠ. ಗ್ರಾಂ ಲೆಕ್ಕದಲ್ಲಿ ತೋರಿಸುವ ಸಣ್ಣ ತೂಕದ ಯಂತ್ರವನ್ನು ತಂದು, ಅದರ ಮೇಲೆ ಕೂರುವ ಕೋಲೊಂದನ್ನು ಅಳವಡಿಸಿ, ಪ್ರತಿದಿನ ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ಆಹಾರ ಕೊಡುವ ಮೊದಲು ಹಕ್ಕಿಯನ್ನು ತೂಗಿ ಬರೆದಿಡುವುದು ಎರಡನೆಯ ಪಾಠ. ನನ್ನ ಮಟ್ಟಿಗೆ ಹೇಳುವುದಾದರೆ, ಗಿಳಿ ಸಾಕುವವರು ಪಂಜರದ ನಂತರ ಕೊಳ್ಳಬೇಕಾದ ಮೊದಲ ವಸ್ತು ಆಟಿಕೆಯಲ್ಲ, ತೂಕದ ಯಂತ್ರ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಆಫ್ರಿಕದ ಬೂದು ಗಿಳಿಗೆ ಆರು ವರ್ಷ ಹತ್ತಾರು ಬಗೆಯ ಕಾಳು ಬೀಜಗಳ ಮಿಶ್ರಣವನ್ನು ಹಾಕುತ್ತಿದ್ದೆ. ಅಷ್ಟೊಂದು ಬಗೆಯಿರುವುದರಿಂದ ಆಹಾರ ಸಮತೋಲನವಾಗಿದೆಯೆಂದು ನಂಬಿದ್ದೆ. ಹಕ್ಕಿ ಅದರಲ್ಲಿ ಸೂರ್ಯಕಾಂತಿಯನ್ನೂ ಶೇಂಗಾವನ್ನೂ ಆರಿಸಿ ತಿಂದು ಉಳಿದದ್ದನ್ನು ಬಿಡುತ್ತಿತ್ತು. ನಾನು ಸಂಜೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ತುಂಬುತ್ತಿದ್ದೆ. ಒಂದು ಮಧ್ಯಾಹ್ನ ಅದು ಕೋಲಿನಿಂದ ಕೆಳಗೆ ಬಿದ್ದು, ರೆಕ್ಕೆ ಬಡಿಯುತ್ತ ನಡುಗತೊಡಗಿತು. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆಯಾಗಿರುವುದು ಗೊತ್ತಾಯಿತು. ಸೂರ್ಯಕಾಂತಿಯ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬು, ಕ್ಯಾಲ್ಸಿಯಂಗಿಂತ ಎಂಟು ಪಟ್ಟು ರಂಜಕ (ಫಾಸ್ಫರಸ್); ರಂಜಕ ಅತಿಯಾದರೆ ಇರುವ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ಹಕ್ಕಿ ಬದುಕಿತು. ಆದರೆ ಅದು ಪಂಜರದ ತಳದಲ್ಲಿ ಬಿದ್ದು ಕಾಲು ಸೆಟೆಸಿದ ಆ ಕ್ಷಣವನ್ನು ನಾನು ಮರೆತಿಲ್ಲ.

ಹಕ್ಕಿವೈದ್ಯ

ನಾನು ಪಶುವೈದ್ಯ, ಮನೆಯಲ್ಲಿ ಸಾಕುವ ಹಕ್ಕಿಗಳನ್ನು ಹೆಚ್ಚಾಗಿ ನೋಡುತ್ತೇನೆ. ಮೇಲಿನ ಸದಸ್ಯರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಕೆಲವು ವಿವರಗಳನ್ನು ಸೇರಿಸುತ್ತೇನೆ.

ಬರೀ ಬೀಜ ತಿನ್ನುವ ಗಿಳಿಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ತೊಂದರೆಗಳು ಮೂರು: ಎ ಜೀವಸತ್ತ್ವದ ಕೊರತೆ, ಕ್ಯಾಲ್ಸಿಯಂ ಕೊರತೆ ಮತ್ತು ಪಿತ್ತಜನಕಾಂಗದಲ್ಲಿ ಕೊಬ್ಬು ಕೂಡುವುದು. ಎ ಜೀವಸತ್ತ್ವ ಕಡಿಮೆಯಾದಾಗ ಬಾಯಿ, ಮೂಗು ಮತ್ತು ಶ್ವಾಸನಾಳದ ಒಳಪೊರೆ ದಪ್ಪಗಾಗಿ ಒರಟಾಗುತ್ತದೆ. ರೋಗಾಣುಗಳನ್ನು ತಡೆಯುವ ಅದರ ಶಕ್ತಿ ಕುಂದುತ್ತದೆ. ಪದೇ ಪದೇ ಸೀನುವುದು, ಮೂಗಿನ ಹೊಳ್ಳೆ ಕಟ್ಟುವುದು, ಬಾಯಿಯೊಳಗೆ ಬಿಳಿಯ ಗಂಟುಗಳು ಕಾಣಿಸುವುದು ಇದರ ಲಕ್ಷಣಗಳು. ಕೊಕ್ಕು ಅತಿಯಾಗಿ ಬೆಳೆಯುತ್ತಿದ್ದರೆ ಅದನ್ನು ಕತ್ತರಿಸಿ ಸುಮ್ಮನಾಗಬಾರದು. ಎಷ್ಟೋ ಬಾರಿ ಅದರ ಮೂಲ ಪಿತ್ತಜನಕಾಂಗದಲ್ಲಿರುತ್ತದೆ.

ಮುಂಜಾವು ಅವರೇ, ಬದಲಾವಣೆ ಆರಂಭಿಸುವ ಮೊದಲು ಹಕ್ಕಿಯನ್ನು ಒಮ್ಮೆ ವೈದ್ಯರಿಗೆ ತೋರಿಸಿ. ಅಸ್ವಸ್ಥವಾಗಿರುವ ಹಕ್ಕಿಯ ಆಹಾರವನ್ನು ಬದಲಿಸಬಾರದು. ಆರೋಗ್ಯವಾಗಿದ್ದರೆ ನಾಲ್ಕರಿಂದ ಎಂಟು ವಾರಗಳ ಅವಧಿಯನ್ನು ಇಟ್ಟುಕೊಳ್ಳಿ. ಬೀಜ ದಿನವಿಡೀ ಬಟ್ಟಲಿನಲ್ಲಿರುವುದು ಬೇಡ. ಈಗ ತಿನ್ನುತ್ತಿರುವಷ್ಟನ್ನೇ ಅಳೆದು, ಬೆಳಿಗ್ಗೆ ಮತ್ತು ಸಂಜೆ ಎರಡು ಹೊತ್ತು ಕೊಡಿ. ನಡುವಿನ ಸಮಯದಲ್ಲಿ ಸಣ್ಣ ಗಾತ್ರದ ಪೆಲೆಟ್ ಮಾತ್ರ ಕಣ್ಣೆದುರಿಗಿರಲಿ. ಒಂದು ವಾರದ ನಂತರ ಬೀಜಕ್ಕೆ ಪೆಲೆಟ್‌ನ ಪುಡಿಯನ್ನು ಬೆರೆಸಿ ಸ್ವಲ್ಪ ನೀರು ಚಿಮುಕಿಸಿದರೆ ಪುಡಿ ಬೀಜಕ್ಕೆ ಅಂಟಿಕೊಳ್ಳುತ್ತದೆ. ಸಿಪ್ಪೆ ಬಿಡಿಸುವಾಗ ಅದರ ರುಚಿ ನಾಲಿಗೆಗೆ ತಾಕುತ್ತದೆ. ಒದ್ದೆ ಮಾಡಿದ್ದನ್ನು ಒಂದೆರಡು ಗಂಟೆಯಲ್ಲಿ ತೆಗೆದುಬಿಡಬೇಕು. ಹಕ್ಕಿ ಪೆಲೆಟ್ ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ಬೀಜವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ.

ತೂಕ ಕೆಲವೇ ದಿನಗಳಲ್ಲಿ ಜರ್ರನೆ ಇಳಿದರೆ, ಅಥವಾ ಒಟ್ಟು ಇಳಿತ ಶೇಕಡಾ 10ಕ್ಕೆ ಸಮೀಪಿಸಿದರೆ, ಅಂದೇ ಹಳೆಯ ಆಹಾರಕ್ಕೆ ಮರಳಿ ವೈದ್ಯರೊಂದಿಗೆ ಮಾತಾಡಿ. ಹೆಚ್ಚಿನ ಕಾಕಟೀಲ್‌ಗಳು 80ರಿಂದ 110 ಗ್ರಾಂ ತೂಗುತ್ತವೆ. ಅಂದರೆ ನಮ್ಮ ಕೈಗೆ ತಿಳಿಯದ 8 ಅಥವಾ 10 ಗ್ರಾಂ ಅದರ ಪಾಲಿಗೆ ಬಹಳ ದೊಡ್ಡದು.

ಕೊನೆಗೆ ಎಷ್ಟು ಪ್ರಮಾಣದಲ್ಲಿರಬೇಕೆಂಬ ಬಗ್ಗೆ ವೈದ್ಯರೆಲ್ಲರೂ ಒಂದೇ ಅಳತೆಯನ್ನು ಹೇಳುವುದಿಲ್ಲ. ಕಾಕಟೀಲ್ ಆಸ್ಟ್ರೇಲಿಯದ ಬಯಲಿನಲ್ಲಿ ನೆಲದ ಮೇಲೆ ಹುಲ್ಲಿನ ಬೀಜಗಳನ್ನು ಹೆಕ್ಕಿ ತಿನ್ನುವ ಹಕ್ಕಿ. ಅದಕ್ಕೆ ಬೀಜವನ್ನು ಪೂರ್ತಿಯಾಗಿ ನಿಷೇಧಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪೆಲೆಟ್, ಕಾಲು ಭಾಗ ಸೊಪ್ಪು ತರಕಾರಿ, ಉಳಿದದ್ದು ನವಣೆಯಂತಹ ಸಣ್ಣ ಕಾಳು ಎಂದು ನಾನು ಸಾಮಾನ್ಯವಾಗಿ ಹೇಳುತ್ತೇನೆ. ಆದರೆ ಈ ಲೆಕ್ಕ ಎಲ್ಲ ಗಿಳಿಗಳಿಗೂ ಹೊಂದುವುದಿಲ್ಲ. ಮಕರಂದ ಮತ್ತು ಪರಾಗವನ್ನು ತಿನ್ನುವ ಲೋರಿಗಳ ಆಹಾರವೇ ಬೇರೆ. ದೊಡ್ಡ ಮಕಾವ್‌ಗಳಿಗೆ ಕೊಬ್ಬಿರುವ ಕಾಯಿಬೀಜಗಳು ಇತರ ಗಿಳಿಗಳಿಗಿಂತ ಹೆಚ್ಚು ಬೇಕು.

ಮುಂಜಾವು

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ವೈದ್ಯರಿಗೆ ತೋರಿಸಿ ಬಂದೆವು. ತೂಕ 104 ಗ್ರಾಂ ಇದೆ. ಎದೆಯ ಮೂಳೆಯ ಎರಡೂ ಬದಿಗೆ ಕೊಬ್ಬು ಕೂಡಿದೆಯೆಂದೂ, ರಕ್ತಪರೀಕ್ಷೆಯಲ್ಲಿ ಗಾಬರಿಪಡುವಂತಹದ್ದು ಏನೂ ಇಲ್ಲವೆಂದೂ, ನಿಧಾನವಾಗಿ 95 ಗ್ರಾಂ ಆಸುಪಾಸಿಗೆ ಇಳಿಸಬಹುದೆಂದೂ ಹೇಳಿದ್ದಾರೆ. ಬಟ್ಟಲಿನ ಮೇಲೆ ಊದಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಬರೀ ಸಿಪ್ಪೆಯಿತ್ತು. ಇಷ್ಟು ದಿನ ಇದನ್ನು ನೋಡಿ ನೆಮ್ಮದಿಯಿಂದ ಇದ್ದೆನಲ್ಲ ಎಂದು ದುಃಖವಾಯಿತು.

ತರಕಾರಿಯ ಬಗ್ಗೆ ಯಾರಾದರೂ ಬರೆಯುವಿರಾ? ಕ್ಯಾರೆಟ್ಟಿನ ದುಂಡು ಬಿಲ್ಲೆಯನ್ನು ಕಂಡರೆ ಅದು ನಿಜವಾಗಿಯೂ ಬೆದರುತ್ತದೆ.

ಏಳುಬಜ್ಜಿ

ನಮ್ಮಲ್ಲಿ ಏಳು ಬಜರಿಗರ್‌ಗಳಿವೆ. ಇವು 30ರಿಂದ 40 ಗ್ರಾಂ ತೂಗುವ ಸಣ್ಣ ಗಿಳಿಗಳು. ಹೊಸ ಆಹಾರವನ್ನು ಅನುಮಾನಿಸುವುದರಲ್ಲಿ ಇವುಗಳಷ್ಟು ಹಟದವು ಬೇರೆ ಇರಲಾರವು. ನಾನು ಕಲಿತದ್ದನ್ನು ಹೇಳುತ್ತೇನೆ.

ಬಿಲ್ಲೆ, ತುಂಡು, ಬಟ್ಟಲು ಇವೆಲ್ಲವನ್ನೂ ಸದ್ಯಕ್ಕೆ ಮರೆತುಬಿಡಿ. ಗಿಳಿಗೆ ರುಚಿಗಿಂತ ಮೊದಲು ಬಣ್ಣ, ಆಕಾರ ಮತ್ತು ಕೊಕ್ಕಿಗೆ ಸಿಗುವ ಸ್ಪರ್ಶ ಮುಖ್ಯ. ನಮ್ಮ ನಾಲಿಗೆಯಲ್ಲಿ ಸಾವಿರಾರು ರುಚಿಮೊಗ್ಗುಗಳಿದ್ದರೆ ಅದರ ಬಾಯಲ್ಲಿರುವುದು ಕೆಲವು ನೂರು ಮಾತ್ರ. ಆದ್ದರಿಂದ ಮೊದಲ ವಾರ ಕ್ಯಾರೆಟ್ಟನ್ನು ತುರಿಯಿರಿ, ಕಾಳಿನಷ್ಟು ಸಣ್ಣದಾಗಿ ಹೆಚ್ಚಿರಿ, ಅದರ ಮೇಲೆ ನಾಲ್ಕು ನವಣೆ ಕಾಳು ಉದುರಿಸಿ ಅಗಲವಾದ ತಟ್ಟೆಯಲ್ಲಿ ಹರಡಿ. ಕಾಕಟೀಲ್ ಕೂಡ ನೆಲದಲ್ಲಿ ಹೆಕ್ಕುವ ಹಕ್ಕಿಯೆಂದು ಡಾಕ್ಟರು ಹೇಳಿದರಲ್ಲ; ಆಳವಾದ ಬಟ್ಟಲಿಗಿಂತ ತಟ್ಟೆಯ ಬಳಿಗೆ ಅದು ಧೈರ್ಯವಾಗಿ ಬರುತ್ತದೆ. ನಾನು ನವಣೆಯ ಒಂದು ತೆನೆಯನ್ನು ಸೊಪ್ಪಿನ ಕಂತೆಯ ನಡುವೆ ಸಿಕ್ಕಿಸಿ ಪಂಜರದ ಸರಳಿಗೆ ಕಟ್ಟುತ್ತಿದ್ದೆ. ತೆನೆಯನ್ನು ಹಿಡಿಯಲು ಹೋದಾಗ ಎಲೆ ಕೊಕ್ಕಿಗೆ ತಾಗುತ್ತದೆ, ಹರಿಯುತ್ತದೆ, ಒಂದಿಷ್ಟು ಗಂಟಲಿಗಿಳಿಯುತ್ತದೆ. ನೀರು ಸೋಕಿಸಿದ ಸೊಪ್ಪಾದರೆ ಮೊದಲು ಅದರಲ್ಲಿ ಮೈಯುಜ್ಜಿ ಆಡುತ್ತವೆ, ಆಮೇಲೆ ಕಚ್ಚುತ್ತವೆ.

ಇನ್ನೊಂದು ಉಪಾಯವೆಂದರೆ ಅದರ ಮುಂದೆ ನೀವೇ ಕುಳಿತು ತಿನ್ನುವುದು. ಗಿಳಿ ಗುಂಪಿನ ಜೀವಿ; ಗುಂಪಿನಲ್ಲಿ ಇನ್ನೊಬ್ಬರು ತಿನ್ನುವುದನ್ನು ಅದು ನಂಬುತ್ತದೆ. ಆದರೆ ನಿಮ್ಮ ಬಾಯಿಂದ ಅಥವಾ ನೀವು ಕಚ್ಚಿದ ತುಂಡಿನಿಂದ ಕೊಡಬೇಡಿ; ಮನುಷ್ಯರ ಎಂಜಲಿನಲ್ಲಿರುವ ಸೂಕ್ಷ್ಮಜೀವಿಗಳು ಹಕ್ಕಿಗೆ ಒಗ್ಗುವುದಿಲ್ಲ.

ಯಾವ ತರಕಾರಿಯೆಂದರೆ, ಕಡು ಹಸಿರು ಮತ್ತು ಕಿತ್ತಳೆ ಬಣ್ಣದವು: ಕ್ಯಾರೆಟ್, ಸಿಹಿಕುಂಬಳ, ಬೇಯಿಸಿದ ಸಿಹಿಗೆಣಸು, ಬ್ರೊಕೊಲಿ, ಕೆಂಪು ದಪ್ಪಮೆಣಸಿನಕಾಯಿ. ಇವುಗಳಲ್ಲಿರುವ ಕೆರೋಟಿನ್ ಅಂಶವನ್ನು ದೇಹ ತನಗೆ ಬೇಕಾದಷ್ಟೇ ಎ ಜೀವಸತ್ತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಖಾರದ ಮೆಣಸಿನಕಾಯಿಯನ್ನೂ ಕೊಡಬಹುದು, ಏಕೆಂದರೆ ನಮ್ಮ ಬಾಯಿ ಸುಡುವ ಅದರ ಅಂಶ ಹಕ್ಕಿಗಳಿಗೆ ಉರಿಯುವುದಿಲ್ಲ. ನಮ್ಮ ಏಳರಲ್ಲಿ ನಾಲ್ಕಕ್ಕೆ ಅದೇ ಅಚ್ಚುಮೆಚ್ಚು. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ಅದೊಂದನ್ನೇ ನಿತ್ಯ ಕೊಡುವುದು ಬೇಡ. ಹಣ್ಣು ಸ್ವಲ್ಪ ಸಾಕು. ಮೊಳಕೆ ಕಾಳು ಬಹಳ ಒಳ್ಳೆಯದು, ಬೀಜದಿಂದ ತರಕಾರಿಗೆ ಹೋಗುವ ದಾರಿಯಲ್ಲಿ ಅದೊಂದು ಸೇತುವೆ. ಆದರೆ ಚೆನ್ನಾಗಿ ತೊಳೆದಿರಬೇಕು, ಹುಳಿ ವಾಸನೆ ಬಂದಿದ್ದರೆ ಎಸೆದುಬಿಡಬೇಕು.

ಕೊಡಲೇಬಾರದ ವಸ್ತುಗಳನ್ನು ಮನೆಯ ಎಲ್ಲರಿಗೂ, ಮುಖ್ಯವಾಗಿ ಮಕ್ಕಳಿಗೂ ಅತಿಥಿಗಳಿಗೂ, ಹೇಳಿಡಿ. ಬೆಣ್ಣೆಹಣ್ಣು ಎಂದು ಕರೆಯುವ ಅವಕಾಡೊ ಗಿಳಿಯ ಹೃದಯಕ್ಕೆ ಹಾನಿ ಮಾಡಿ ಕೊಲ್ಲಬಲ್ಲದು. ಚಾಕೊಲೇಟ್, ಕಾಫಿ, ಚಹಾ, ಮದ್ಯ, ಉಪ್ಪು ಹಾಕಿದ ಕುರುಕಲು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಸೇಬಿನ ತಿರುಳು ಕೊಡಬಹುದು, ಬೀಜ ತೆಗೆದಿರಬೇಕು. ಬೂಷ್ಟು ಹಿಡಿದ ಶೇಂಗಾದಲ್ಲಿ ಪಿತ್ತಜನಕಾಂಗಕ್ಕೆ ಮಾರಕವಾದ ವಿಷವಿರಬಹುದು. ಅನುಮಾನ ಬಂದ ಕಾಳನ್ನು ಮುಗ್ಗಲು ವಾಸನೆ ಇದೆಯೋ ಇಲ್ಲವೋ ಎಂದು ತರ್ಕಿಸುತ್ತ ಕೂರದೆ ಎಸೆಯುವುದೇ ಸರಿ.

ಬಿಳಿಜುಟ್ಟು

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ನನ್ನದೊಂದು ಸಂಶಯವನ್ನು ಹೇಳಲೇಬೇಕು. ನಾನು ಮೊದಲು ಸಾಕಿದ ಕಾಕಟೀಲ್ ಬೀಜವನ್ನೇ ತಿಂದು ಹದಿನಾಲ್ಕು ವರ್ಷ ಬದುಕಿತು. ಅದಕ್ಕೆ ಜೀರ್ಣವಾಗಲೆಂದು ಮರಳಿನ ಹರಳನ್ನೂ, ನೀರಿಗೆ ಜೀವಸತ್ತ್ವದ ಹನಿಗಳನ್ನೂ ಹಾಕುತ್ತಿದ್ದೆ. ಕಾರ್ಖಾನೆಯಲ್ಲಿ ತಯಾರಾದ ಒಣ ಗುಳಿಗೆಗಿಂತ ಸಹಜವಾದ ಕಾಳು ಮೇಲಲ್ಲವೇ? ಹಕ್ಕಿಗೆ ಇಷ್ಟವಾದದ್ದನ್ನು ಕಿತ್ತುಕೊಂಡು ಇಷ್ಟವಿಲ್ಲದ್ದನ್ನು ತಿನ್ನಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಹಕ್ಕಿವೈದ್ಯ

ನಿಮ್ಮ ಕೊನೆಯ ಮಾತಿನಲ್ಲಿರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಹದಿನಾಲ್ಕು ವರ್ಷ ಒಂದು ಹಕ್ಕಿಯನ್ನು ನೋಡಿಕೊಳ್ಳುವುದು ಸಣ್ಣ ಸಂಗತಿಯೂ ಅಲ್ಲ. ಆದರೆ ಸಹಜ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾಡಿನ ಗಿಳಿಗೆ ವರ್ಷದ ಬೇರೆ ಬೇರೆ ಕಾಲಗಳಲ್ಲಿ ಹಸಿ ಬೀಜ, ಚಿಗುರು, ಹೂ, ಹಣ್ಣು, ತೊಗಟೆ, ಕೆಲವೊಮ್ಮೆ ಹುಳುಗಳೂ ಸಿಗುತ್ತವೆ. ಅವನ್ನು ಹುಡುಕಲು ಅದು ದಿನಕ್ಕೆ ಹಲವು ಗಂಟೆ, ಹಲವು ಮೈಲಿ ಹಾರುತ್ತದೆ. ಪಂಜರದ ಗಿಳಿ ಹಾರುವ ದೂರ ಕೆಲವು ಅಡಿ. ಹಾರಾಟದಲ್ಲಿ ಕರಗಬೇಕಿದ್ದ ಕೊಬ್ಬು ಅದರ ಪಿತ್ತಜನಕಾಂಗದಲ್ಲಿ ಕೂರುತ್ತದೆ. ಗಿಳಿಗಳು ರೋಗವನ್ನು ಕೊನೆಯವರೆಗೂ ಮರೆಮಾಚುವುದರಿಂದ, ಒಂದು ಹಕ್ಕಿ ಬದುಕಿದ ವರ್ಷಗಳ ಲೆಕ್ಕದಿಂದ ಅದು ಹೇಗೆ ಬದುಕಿತೆಂದು ತಿಳಿಯುವುದಿಲ್ಲ.

ಹರಳಿನ ವಿಷಯ: ಪಾರಿವಾಳ ಮತ್ತು ಕೋಳಿಗಳು ಕಾಳನ್ನು ಸಿಪ್ಪೆಯ ಸಮೇತ ನುಂಗುವುದರಿಂದ ಹೊಟ್ಟೆಯೊಳಗೆ ಅರೆಯಲು ಅವಕ್ಕೆ ಹರಳು ಬೇಕು. ಗಿಳಿ ಸಿಪ್ಪೆ ಬಿಡಿಸಿಯೇ ತಿನ್ನುತ್ತದೆ. ಅದಕ್ಕೆ ಹರಳಿನ ಅಗತ್ಯವಿಲ್ಲ, ಅತಿಯಾಗಿ ತಿಂದರೆ ಕರುಳು ಕಟ್ಟಿಕೊಳ್ಳುವ ಅಪಾಯವಿದೆ. ಕೊರೆಯಲು ಕಟಲ್ ಮೀನಿನ ಬಿಳಿ ಮೂಳೆಯನ್ನು ಇಡಿ, ಕ್ಯಾಲ್ಸಿಯಂ ಸಿಗುತ್ತದೆ. ನೀರಿಗೆ ಹಾಕುವ ಹನಿಗಳು ಬೆಳಕಿಗೆ ಬೇಗ ಕೆಡುತ್ತವೆ, ನೀರಿನ ರುಚಿ ಬದಲಾಗಿ ಹಕ್ಕಿ ಕುಡಿಯುವುದನ್ನೇ ಕಡಿಮೆ ಮಾಡಬಹುದು, ಬ್ಯಾಕ್ಟೀರಿಯಾಗಳೂ ಹೆಚ್ಚುತ್ತವೆ. ಪೆಲೆಟ್ ತಿನ್ನುವ ಹಕ್ಕಿಗೆ ಮೇಲಿಂದ ಹನಿ ಹಾಕಿದರೆ ಎ ಮತ್ತು ಡಿ ಜೀವಸತ್ತ್ವಗಳು ವಿಷವಾಗುವ ಮಟ್ಟಕ್ಕೂ ಏರಬಹುದು. ಬರೀ ಶುದ್ಧ ನೀರು, ದಿನಕ್ಕೆ ಎರಡು ಬಾರಿ, ಉಜ್ಜಿ ತೊಳೆದ ಬಟ್ಟಲಿನಲ್ಲಿ.

ಇಷ್ಟವಾದದ್ದನ್ನು ಕಿತ್ತುಕೊಳ್ಳಬೇಕೆಂದೂ ನಾನು ಹೇಳುತ್ತಿಲ್ಲ. ಸೂರ್ಯಕಾಂತಿ ಬೀಜವನ್ನು ಬಟ್ಟಲಿನಿಂದ ತೆಗೆದು ನಿಮ್ಮ ಅಂಗೈಗೆ ತನ್ನಿ. ದಿನಕ್ಕೆ ನಾಲ್ಕೈದು ಬೀಜ, ಅದು ನಿಮ್ಮ ಬಳಿಗೆ ಹಾರಿ ಬಂದಾಗ. ಅದರ ಇಷ್ಟವೂ ಉಳಿಯುತ್ತದೆ, ನಿಮ್ಮ ಮೇಲಿನ ನಂಬಿಕೆಯೂ ಬೆಳೆಯುತ್ತದೆ.

ಕಿಟಕಿಪಕ್ಕ

ಆಹಾರದ ವಿಷಯವನ್ನು ಬಲ್ಲವರು ಹೇಳಿದ್ದಾರೆ. ನಾನು ಬರೆಯುತ್ತಿರುವುದು ಗಾಳಿಯ ಬಗ್ಗೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ.

ನಮ್ಮ ಗಿಳಿಯ ಪಂಜರವು ಅಡುಗೆಮನೆಗೆ ತೆರೆದುಕೊಂಡ ಹಜಾರದಲ್ಲಿತ್ತು. ಒಂದು ಬೆಳಿಗ್ಗೆ ನಾನ್‌ಸ್ಟಿಕ್ ಬಾಣಲೆಯನ್ನು ಒಲೆಯ ಮೇಲಿಟ್ಟು, ದೂರವಾಣಿ ಬಂದದ್ದರಿಂದ ಅದನ್ನು ಮರೆತೆ. ಬಾಣಲೆ ಖಾಲಿಯಾಗಿತ್ತು, ಹತ್ತು ನಿಮಿಷವಾಗಿರಬಹುದು. ನಮಗೆ ಹೊಗೆಯೂ ಕಾಣಲಿಲ್ಲ, ವಾಸನೆಯೂ ಅಷ್ಟಾಗಿ ಬರಲಿಲ್ಲ. ನಾನು ಹಿಂತಿರುಗುವಾಗ ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಕಿಟಕಿಗಳನ್ನೆಲ್ಲ ತೆರೆದು ಅದನ್ನು ಹೊರಗೆ ತಂದೆ. ವೈದ್ಯರ ಬಳಿಗೆ ಹೋಗುವ ದಾರಿಯಲ್ಲಿ, ನನ್ನ ಅಂಗೈಯಲ್ಲಿಯೇ ಅದು ತೀರಿಕೊಂಡಿತು. ಅತಿಯಾಗಿ ಕಾದ ಆ ಲೇಪನದಿಂದ ಹೊರಡುವ ಅನಿಲ ಹಕ್ಕಿಯ ಶ್ವಾಸಕೋಶದಲ್ಲಿ ರಕ್ತಸ್ರಾವವನ್ನು ಉಂಟುಮಾಡುತ್ತದೆಂದು ವೈದ್ಯರು ಆಮೇಲೆ ವಿವರಿಸಿದರು. ಹಕ್ಕಿ ಉಸಿರನ್ನು ಒಳಗೆಳೆಯುವಾಗಲೂ ಹೊರಗೆ ಬಿಡುವಾಗಲೂ ಶ್ವಾಸಕೋಶದಲ್ಲಿ ಹೊಸ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತಲೇ ಇರುತ್ತದೆ. ಎತ್ತರದಲ್ಲಿ ಹಾರಲು ಅದಕ್ಕೆ ಶಕ್ತಿ ಕೊಡುವ ಈ ಏರ್ಪಾಡೇ ವಿಷಗಾಳಿಯನ್ನೂ ನಮಗಿಂತ ಬೇಗ ಹೀರಿಕೊಳ್ಳುತ್ತದೆ. ಅಂದೇ ಆ ಪಾತ್ರೆಗಳನ್ನೆಲ್ಲ ಮನೆಯಿಂದ ಹೊರಹಾಕಿದೆ. ಧೂಪ, ಸುಗಂಧದ ಮೇಣದಬತ್ತಿ, ಸೊಳ್ಳೆಬತ್ತಿ, ತಂಬಾಕಿನ ಹೊಗೆ, ಒತ್ತಿದರೆ ಚಿಮ್ಮುವ ಡಬ್ಬಿಗಳು, ಇವು ಯಾವುವೂ ಗಿಳಿಯಿರುವ ಕೋಣೆಯಲ್ಲಿ ಬೇಡ.

ಈಗ ನಮ್ಮಲ್ಲಿರುವ ಎರಡನೆಯ ಗಿಳಿಯ ದಿನಚರಿಯನ್ನು ಹೇಳುತ್ತೇನೆ, ಮುಂಜಾವು ಅವರಿಗೆ ಉಪಯೋಗವಾಗಬಹುದು. ಪಂಜರ ಒಳಕೋಣೆಯಲ್ಲಿ ನಮ್ಮ ಕಣ್ಣಿನ ಎತ್ತರಕ್ಕಿದೆ. ಒಂದು ಬದಿ ಗೋಡೆಗೆ ತಾಗಿರುವುದರಿಂದ ಹಕ್ಕಿಗೆ ಬೆನ್ನ ಹಿಂದೆ ಭಯವಿಲ್ಲ. ಎತ್ತರಕ್ಕಿಂತ ಅಗಲ ಹೆಚ್ಚಿರುವ ಪಂಜರವನ್ನೇ ಆರಿಸಿದೆವು. ಒಂದೇ ದಪ್ಪದ ನುಣುಪಾದ ಕೋಲುಗಳ ಮೇಲೆ ದಿನವಿಡೀ ನಿಂತರೆ ಪಾದದ ಅದೇ ಜಾಗಕ್ಕೆ ಒತ್ತಡ ಬಿದ್ದು ಹುಣ್ಣಾಗುತ್ತದೆ. ಆದ್ದರಿಂದ ತೊಗಟೆಯಿರುವ, ಡೊಂಕಾದ, ಬೇರೆ ಬೇರೆ ದಪ್ಪದ ಕೊಂಬೆಗಳನ್ನು ಹಾಕಿದ್ದೇವೆ. ತಳದಲ್ಲಿ ಬಿಳಿಯ ಕಾಗದ, ಪ್ರತಿದಿನ ಬೆಳಿಗ್ಗೆ ಬದಲಿಸುತ್ತೇವೆ. ವಾರಕ್ಕೆ ಮೂರು ನಾಲ್ಕು ದಿನ ಬೆಳಗಿನ ಹೊತ್ತು ಉಗುರುಬೆಚ್ಚಗಿನ ನೀರನ್ನು ಮಂಜಿನ ಹಾಗೆ ಮೇಲಿನಿಂದ ಬೀಳಿಸುತ್ತೇವೆ. ರೆಕ್ಕೆ ಬಿಚ್ಚಿ, ತಲೆ ಕೆಳಗೆ ಮಾಡಿ ಅದು ನೆನೆಯುವುದನ್ನು ನೋಡಬೇಕು. ಸಂಜೆಯ ಸ್ನಾನ ಬೇಡ, ಕತ್ತಲಾಗುವ ಮೊದಲು ಗರಿ ಒಣಗಿರಬೇಕು. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲೆ ಮತ್ತು ನಿಶ್ಶಬ್ದ. ಕಾಕಟೀಲ್‌ಗಳು ರಾತ್ರಿ ಇದ್ದಕ್ಕಿದ್ದಂತೆ ಬೆಚ್ಚಿ ಪಂಜರದಲ್ಲಿ ಬಡಿದಾಡುವುದು ಹೆಚ್ಚು; ಮಂದವಾದ ಒಂದು ಸಣ್ಣ ದೀಪವಿದ್ದರೆ ಒಳ್ಳೆಯದು.

ಬಿಸಿಲಿನ ಬಗ್ಗೆ ಒಂದು ಮಾತು. ಗಾಜಿನ ಕಿಟಕಿಯ ಮೂಲಕ ಬರುವ ಬೆಳಕಿನಲ್ಲಿ ಡಿ ಜೀವಸತ್ತ್ವವನ್ನು ತಯಾರಿಸುವ ಕಿರಣಗಳಿರುವುದಿಲ್ಲ. ಸುರಕ್ಷಿತವಾದ ಪಂಜರದಲ್ಲಿ, ಅರ್ಧಕ್ಕೆ ನೆರಳಿರುವಂತೆ, ದಿನದಲ್ಲಿ ಸ್ವಲ್ಪ ಹೊತ್ತು ನೇರ ಎಳೆಬಿಸಿಲಿಗೆ ಇಡಿ, ನೀವು ಪಕ್ಕದಲ್ಲಿಯೇ ಇರಿ. ಹಕ್ಕಿ ಬೆವರುವುದಿಲ್ಲ, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು ಬಾಯಿ ತೆರೆದರೆ ಕೂಡಲೇ ನೆರಳಿಗೆ ತನ್ನಿ.

ಹಕ್ಕಿವೈದ್ಯ

ಕಿಟಕಿಪಕ್ಕ ಅವರೇ, ಇದನ್ನು ಬರೆದದ್ದಕ್ಕೆ ಧನ್ಯವಾದ. ನಿಮ್ಮ ಬರಹದಿಂದ ಕೆಲವು ಹಕ್ಕಿಗಳಾದರೂ ಉಳಿಯುತ್ತವೆ.

ತಳದ ಬಿಳಿಯ ಕಾಗದದ ಉಪಯೋಗವನ್ನು ಎಲ್ಲರೂ ತಿಳಿದಿರಬೇಕು. ಆರೋಗ್ಯವಾದ ಹಿಕ್ಕೆಯಲ್ಲಿ ಮೂರು ಭಾಗಗಳಿರುತ್ತವೆ: ಹಸಿರು ಅಥವಾ ಕಂದು ಬಣ್ಣದ ಗಟ್ಟಿ ಮಲ, ಸುಣ್ಣದಂತಹ ಬಿಳಿಯ ಭಾಗ, ಸುತ್ತಲೂ ಇಂಗಿದ ತಿಳಿನೀರು. ತಿಂದ ಪದಾರ್ಥಕ್ಕೆ ತಕ್ಕಂತೆ ಮಲದ ಬಣ್ಣ ಬದಲಾಗುವುದು ಸಹಜ; ಆದರೆ ಬಿಳಿಯ ಭಾಗವೇ ಹಳದಿ ಅಥವಾ ಹಸಿರಾದರೆ ಪಿತ್ತಜನಕಾಂಗವನ್ನು ಪರೀಕ್ಷಿಸಬೇಕು. ಮುಂಜಾವು ಅವರ ಹಕ್ಕಿ ಉಪವಾಸವಿದ್ದಾಗ ಸುಳಿವು ಕೊಟ್ಟದ್ದು ಕೂಡ ಈ ಕಾಗದವೇ. ಹಗಲಿನಲ್ಲಿ ಗರಿ ಉಬ್ಬಿಸಿ ಕೂರುವುದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು, ಪಂಜರದ ತಳದಲ್ಲಿ ಕೂರುವುದು ಕಂಡರೆ ನಾಳೆಯವರೆಗೆ ಕಾಯಬೇಡಿ. ಬೆಚ್ಚಗಿಟ್ಟು, ಅಂದೇ ವೈದ್ಯರಿಗೆ ತೋರಿಸಿ. ಬೆಕ್ಕು ಕಚ್ಚಿದ್ದರೆ ಗಾಯ ಎಷ್ಟೇ ಸಣ್ಣದಾಗಿ ಕಂಡರೂ ತಕ್ಷಣ ಬನ್ನಿ, ಬೆಕ್ಕಿನ ಎಂಜಲಿನ ಸೋಂಕು ರಕ್ತಕ್ಕೆ ಸೇರಿದರೆ ಸಮಯ ಉಳಿಯುವುದಿಲ್ಲ.

ಒಣಗಿದ ಹಿಕ್ಕೆಯನ್ನು ಕೆರೆದು ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ತೆಗೆಯಿರಿ. ಗಿಳಿಗಳಿಂದ ಮನುಷ್ಯರಿಗೆ ಹರಡುವ ಸಿಟಾಕೋಸಿಸ್ ಎಂಬ ಶ್ವಾಸಕೋಶದ ಸೋಂಕು ಹೆಚ್ಚಾಗಿ ಈ ಧೂಳಿನಿಂದ ಬರುತ್ತದೆ.

ಮುಂಜಾವು

ಒಂಬತ್ತು ವಾರಗಳಾದವು. ಲೆಕ್ಕ ಒಪ್ಪಿಸಬೇಕೆನಿಸಿತು.

ಮೊದಲ ಎರಡು ವಾರ ಏನೂ ನಡೆಯಲಿಲ್ಲ. ಪೆಲೆಟ್ಟನ್ನು ಕೊಕ್ಕಿನಲ್ಲಿ ಹಿಡಿಯುವುದು, ಎರಡು ಸಲ ತಿರುಗಿಸುವುದು, ಬೀಳಿಸುವುದು. ಬಿದ್ದದ್ದನ್ನು ತಲೆ ಓರೆಮಾಡಿ ನೋಡುವುದು. ತೂಕ 104ರಿಂದ 102ಕ್ಕೆ ಬಂದು ಅಲ್ಲಿಯೇ ನಿಂತಿತು. ಹದಿನೇಳನೆಯ ದಿನ ಊಟದ ಮೇಜಿನ ಮೇಲೆ ಪೆಲೆಟ್‌ಗಳನ್ನು ಚೆಲ್ಲಿ ನಾನು ಬೆರಳಿನಿಂದ ಒಂದೊಂದಾಗಿ ಕುಕ್ಕುತ್ತ ಕುಳಿತೆ. ಅದು ನಡೆದು ಬಂದು, ನನ್ನ ಬೆರಳಿನ ಅಡಿಯಲ್ಲಿದ್ದುದನ್ನೇ ತಳ್ಳಿ ಎತ್ತಿಕೊಂಡಿತು. ಈ ಸಲ ಬೀಳಿಸಲಿಲ್ಲ. ಕೊಕ್ಕಿನ ಅಂಚಿನಿಂದ ಸಣ್ಣಗೆ ಅರೆಯುವ ಸದ್ದು ಕೇಳಿಸಿತು. ಕಪ್ಪು ನಾಲಿಗೆ ಪುಡಿಯನ್ನು ಒಳಗೆಳೆದುಕೊಳ್ಳುವುದು ಕಾಣಿಸಿತು. ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ.

ಆ ಬಳಿಕ ಬೀಜವನ್ನು ವಾರಕ್ಕೆ ಒಂದೊಂದು ಚಮಚದಷ್ಟು ಕಡಿಮೆ ಮಾಡುತ್ತ ಬಂದೆ. ಆರನೆಯ ವಾರ ಎರಡೇ ದಿನದಲ್ಲಿ 4 ಗ್ರಾಂ ಇಳಿದಾಗ ನಮ್ಮ ವೈದ್ಯರ ಸಲಹೆಯಂತೆ ಹಿಂದಿನ ಅಳತೆಗೆ ಮರಳಿ, ನಾಲ್ಕು ದಿನ ತಡೆದು ಮುಂದುವರಿದೆ. ತೂಗದೆ ಇದ್ದಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ. ತುರಿದ ಕ್ಯಾರೆಟ್ಟನ್ನು ಈಗ ತಿನ್ನುತ್ತದೆ. ಬ್ರೊಕೊಲಿಯ ಹೂವನ್ನು ಕಿತ್ತು ಕೋಣೆಯ ತುಂಬ ಹರಡುತ್ತದೆ. ಅದರಲ್ಲಿ ಎಷ್ಟು ಹೊಟ್ಟೆಗೆ ಹೋಗುತ್ತದೆಯೆಂದು ಇನ್ನೂ ನೋಡುತ್ತಿದ್ದೇನೆ. ದುಂಡು ಬಿಲ್ಲೆಯ ಭಯ ಹಾಗೆಯೇ ಇದೆ, ಅದನ್ನು ಕೈಬಿಟ್ಟಿದ್ದೇನೆ. ಸೂರ್ಯಕಾಂತಿ ಬೀಜ ಅಂಗೈಗೆ ಬಂದ ಮೇಲೆ, ಮೊದಲು ಕೈ ಕಂಡರೆ ಹಿಂದೆ ಸರಿಯುತ್ತಿದ್ದ ಹಕ್ಕಿ ನಾನು ಕೋಣೆಗೆ ಬಂದೊಡನೆ ಪಂಜರದ ಬಾಗಿಲಿನ ಬಳಿ ಬಂದು ನಿಲ್ಲುತ್ತದೆ.

ಇಂದು ಬೆಳಗಿನ ತೂಕ 96 ಗ್ರಾಂ. ಅಡುಗೆಮನೆಯ ಎರಡು ನಾನ್‌ಸ್ಟಿಕ್ ಪಾತ್ರೆಗಳನ್ನೂ ಹೊರಹಾಕಿದ್ದೇವೆ.

ಹೊಸದೊಂದು ಪ್ರಶ್ನೆ ಎದ್ದಿದೆ. ನಾಲ್ಕು ದಿನಗಳಿಂದ ಅದು ಹೊರಗೆ ಬಿಟ್ಟಾಗಲೆಲ್ಲ ಕಪಾಟಿನ ಕೆಳಗಿನ ಕತ್ತಲೆ ಮೂಲೆಗೆ ಹೋಗಿ ಕಾಗದವನ್ನು ಹರಿಯುತ್ತಿದೆ. ಮೊಟ್ಟೆಯಿಡುವ ಸಿದ್ಧತೆಯೇ?

ಬೂದುಗಿಳಿ

ಹೌದು, ಹಾಗೆಯೇ ತೋರುತ್ತದೆ. ಗಂಡು ಹಕ್ಕಿಯಿಲ್ಲದೆಯೂ ಮೊಟ್ಟೆಯಿಡಬಲ್ಲವು. ಪದೇ ಪದೇ ಇಟ್ಟರೆ ಮೈಯಲ್ಲಿನ ಕ್ಯಾಲ್ಸಿಯಂ ಬಸಿದುಹೋಗುತ್ತದೆ, ಮೊಟ್ಟೆ ಒಳಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಇಂದಿನಿಂದಲೇ ಆ ಮೂಲೆಯನ್ನು ಮುಚ್ಚಿಬಿಡಿ, ಹರಿಯಲು ಕಾಗದ ಸಿಗದಂತೆ ನೋಡಿಕೊಳ್ಳಿ, ರಾತ್ರಿಯ ಕತ್ತಲೆಯನ್ನು ಹನ್ನೆರಡು ಗಂಟೆಗೂ ಸ್ವಲ್ಪ ಹೆಚ್ಚಿಸಿ, ಬೆನ್ನು ಸವರಬೇಡಿ, ತಲೆಯನ್ನಷ್ಟೇ ಸವರಿ. ಕಟಲ್ ಮೂಳೆ ಪಂಜರದಲ್ಲಿ ಇರಲಿ. ತೂಕ ಇದ್ದಕ್ಕಿದ್ದಂತೆ ಏರತೊಡಗಿದರೆ ಮೊಟ್ಟೆ ಹತ್ತಿರವಿದೆಯೆಂದು ತಿಳಿಯಿರಿ. ತಳದಲ್ಲಿ ಕುಳಿತು ತಿಣುಕುತ್ತಿದ್ದರೆ ವೈದ್ಯರ ಬಳಿಗೆ ಹೊರಡಿ. ನಾಳೆ ಬೆಳಗಿನ ತೂಕವನ್ನು ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.